ಗೊರಕೆಯೂ ಗುಂಡಿಗೆಯೂ: ಯಂತ್ರ ಏನು ಮಾಡೀತು, ಏನು ಮಾಡಲಾರದು

ನಮ್ಮ ತೋಟದ ಲೈನುಗಳಲ್ಲಿ ಗೊರಕೆ ಎಂದರೆ ನಗೆಯ ಮಾತು. ಗೋಡೆಯಾಚೆ ಮಲಗಿದವರಿಗೂ ಕೇಳುವಂತೆ ಗೊರಕೆ ಹೊಡೆಯುವವನನ್ನು ಬೆಳಿಗ್ಗೆ ಮಸ್ಟರಿನಲ್ಲಿ "ರಾತ್ರಿಯೆಲ್ಲಾ ಲಾರಿ ಓಡಿಸಿದೆಯಲ್ಲಪ್ಪಾ" ಎಂದು ಚೇಷ್ಟೆ ಮಾಡುತ್ತೇವೆ. ಅವನೂ ನಗುತ್ತಾನೆ. ಅದೇ ಮನುಷ್ಯ ಮಧ್ಯಾಹ್ನ ತೂಕದ ಶೆಡ್ಡಿನಲ್ಲಿ ಕುಳಿತಲ್ಲೇ ತೂಕಡಿಸಿದರೆ ಸೋಮಾರಿ ಎನ್ನುತ್ತೇವೆ. ಆರಾಧನೆಯಲ್ಲಿ ತಲೆ ತೂಗಿದರೆ ಭಕ್ತಿಯಿಲ್ಲದವನು ಎನ್ನುತ್ತೇವೆ. ರಾತ್ರಿ ಕಾವಲಿನಲ್ಲಿ ಕಣ್ಣು ಮುಚ್ಚಿದರೆ ಆಫೀಸಿನಿಂದ ಚಾರ್ಜ್‌ಶೀಟು ಬರುತ್ತದೆ. ಈ ಎಲ್ಲಕ್ಕೂ ಮೂಲ ಒಂದೇ ಕಾಯಿಲೆ ಇರಬಹುದು, ಆ ಕಾಯಿಲೆ ಗುಂಡಿಗೆಯವರೆಗೂ ಮುಟ್ಟಬಹುದು ಎಂಬ ತಿಳುವಳಿಕೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಡಾಕ್ಟರುಗಳು ಇದಕ್ಕೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ. ಇದರ ಬಗ್ಗೆ ಈಗ ಎರಡು ಬಗೆಯ ಮಾತು ಕೇಳಿಬರುತ್ತಿದೆ. "ಗೊರಕೆ ಒಂದು ರೋಗವೇ? ಅದೆಲ್ಲ ಪಟ್ಟಣದ ಹಣವಂತರ ಚಿಂತೆ" ಎಂಬುದು ಒಂದು. "ಒಂದು ಯಂತ್ರ ತಂದು ಮೂಗಿಗೆ ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕೇ ಬರುವುದಿಲ್ಲ" ಎಂಬುದು ಇನ್ನೊಂದು. ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲನೆಯ ಮಾತು ರೋಗಿಯನ್ನು ಬಾಗಿಲಾಚೆ ನಿಲ್ಲಿಸುತ್ತದೆ. ಎರಡನೆಯದು ಅವನ ಕೈಯಲ್ಲಿ ಸಾಲದ ಚೀಟಿ ಬರೆಸುತ್ತದೆ. ನಡುವೆ ಇರುವ ನಿಜವನ್ನು ತಿಳಿದುಕೊಳ್ಳೋಣ.

ಎಚ್ಚರವಿರುವಾಗ ಗಂಟಲಿನ ಮಾಂಸಖಂಡಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಅವು ಸಡಿಲವಾಗುತ್ತವೆ. ಕಿರಿದಾದ ಗಂಟಲು, ಹಿಂದೆ ಸರಿದ ದವಡೆ, ದಪ್ಪ ಕುತ್ತಿಗೆ, ಊದಿದ ಟಾನ್ಸಿಲು ಇವುಗಳಲ್ಲಿ ಯಾವುದಾದರೂ ಇದ್ದವರಿಗೆ ಆ ದಾರಿ ಮುಚ್ಚಿಯೇ ಹೋಗಬಹುದು. ಎದೆ ಏರಿ ಇಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಗೊಂಡು ಮಲಗಿದವನನ್ನು ಅರೆ ಎಚ್ಚರ ಮಾಡುತ್ತದೆ. ದೊಡ್ಡ ಶಬ್ದದೊಡನೆ ಉಸಿರು ಮರಳುತ್ತದೆ, ಮತ್ತೆ ನಿದ್ದೆ, ಮತ್ತೆ ಕಟ್ಟುವುದು. ಬೆಳಿಗ್ಗೆ ಅವನಿಗೆ ಇದೊಂದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದ ಹೆಂಡತಿಗೆ ಮಾತ್ರ ಎಲ್ಲ ಗೊತ್ತು.

ಒಂದು ಗಂಟೆಗೆ ಐದಕ್ಕಿಂತ ಕಡಿಮೆ ಸಲ ಹೀಗಾದರೆ ಡಾಕ್ಟರುಗಳು ರೋಗವೆಂದು ಎಣಿಸುವುದಿಲ್ಲ. ಐದರಿಂದ ಹದಿನೈದು ಸಲವಾದರೆ ಸೌಮ್ಯ, ಹದಿನೈದರಿಂದ ಮೂವತ್ತಾದರೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ. ಗಂಟೆಗೆ ಮೂವತ್ತು ಸಲವೆಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ. ರಾತ್ರಿ 210 ಸಲ ಯಾರಾದರೂ ಭುಜ ಹಿಡಿದು ಅಲುಗಾಡಿಸಿದರೆ ಮರುದಿನ ನಮ್ಮಲ್ಲಿ ಯಾರು ತಾನೆ ಎಚ್ಚರವಾಗಿ ಕೆಲಸ ಮಾಡಬಲ್ಲರು?

ಇದು ಅಪರೂಪದ ರೋಗವೂ ಅಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ದೇಶದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಇದು ಇದೆ. ಗಂಡಸರಲ್ಲಿ ನೂರಕ್ಕೆ 13, ಹೆಂಗಸರಲ್ಲಿ 5. ದಪ್ಪಗಿದ್ದವರಿಗೆ ಹೆಚ್ಚು ಎಂಬುದು ನಿಜ. ಆದರೆ ದವಡೆಯ ಅಳತೆಯಿಂದಾಗಿ ಸಣಕಲು ದೇಹದವರಿಗೂ ಬರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿಯೂ ಹೆಚ್ಚುತ್ತದೆ. ಅವರಲ್ಲಿ ಜೋರು ಗೊರಕೆಗಿಂತ ಬೆಳಗಿನ ತಲೆನೋವು, ಆಯಾಸ, ನಿದ್ದೆ ಸಾಲದೆಂಬ ದೂರು ಮುಂದಾಗಿ ಕಾಣುವುದರಿಂದ, "ವಯಸ್ಸಾಯಿತಮ್ಮಾ" ಎಂದು ಒಂದು ನೋವಿನ ಮಾತ್ರೆ ಕೊಟ್ಟು ಕಳಿಸಿಬಿಡುವುದುಂಟು.

ಇನ್ನು ಗುಂಡಿಗೆಯ ಮಾತು. ಆಮ್ಲಜನಕ ಇಳಿದು ಮಿದುಳು ಗಾಬರಿಗೊಂಡಾಗಲೆಲ್ಲ ರಕ್ತನಾಳಗಳು ಬಿಗಿಯುತ್ತವೆ, ನಾಡಿ ಓಡುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಆರೋಗ್ಯವಂತರಲ್ಲಿ ರಾತ್ರಿ ಹೊತ್ತು ಬಿ.ಪಿ. ಇಳಿದು ಗುಂಡಿಗೆಗೆ ವಿಶ್ರಾಂತಿ ಸಿಗುತ್ತದೆ. ಇವರಿಗೆ ಆ ವಿಶ್ರಾಂತಿಯೇ ಇಲ್ಲ. ಕಮ್ಮಾರನ ತಿದಿಯ ಬಾಯಿ ಮುಚ್ಚಿ ಎಳೆದರೆ ಚರ್ಮವೆಲ್ಲ ಒಳಕ್ಕೆ ಸೆಳೆದುಕೊಳ್ಳುವುದನ್ನು ನೋಡಿದ್ದೀರಲ್ಲ. ಮುಚ್ಚಿದ ಗಂಟಲಿನ ಎದುರು ಎದೆ ಉಸಿರೆಳೆಯುವಾಗಲೂ ಹಾಗೆಯೇ, ಎದೆಗೂಡಿನೊಳಗಿರುವ ಗುಂಡಿಗೆಯ ಗೋಡೆಗಳ ಮೇಲೆ ಆ ಸೆಳೆತ ಬೀಳುತ್ತದೆ. ವರ್ಷಾನುಗಟ್ಟಲೆ ಹೀಗೆ ನಡೆದವರಲ್ಲಿ ಹತೋಟಿಗೆ ಬಾರದ ಬಿ.ಪಿ., ಅಡ್ಡಾದಿಡ್ಡಿ ನಾಡಿ, ಹೃದಯಾಘಾತ, ಪಾರ್ಶ್ವವಾಯು, ಗುಂಡಿಗೆ ಸೋಲುವುದು ಇವೆಲ್ಲ ಇತರರಿಗಿಂತ ಹೆಚ್ಚಾಗಿ ಕಂಡುಬಂದಿವೆ.

ಹಾಗಾದರೆ ಉಸಿರು ಕಟ್ಟುವುದನ್ನು ತಪ್ಪಿಸಿದರೆ ಗುಂಡಿಗೆ ಉಳಿಯುತ್ತದೆಯೇ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಾವು ಎಣಿಸುವಷ್ಟು ಸುಲಭವಲ್ಲ.

1981ಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಡಿಸುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಆ ವರ್ಷ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಡಾಕ್ಟರ್ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು. ಮೂಗಿಗೆ ಮುಖವಾಡ ಕಟ್ಟಿ ಒಂದೇ ಸಮನೆ ಮೆಲ್ಲಗೆ ಗಾಳಿ ಊದಿದರೆ ಗಂಟಲು ಮುಚ್ಚುವುದಿಲ್ಲ. ಮೆತ್ತನೆಯ ರಬ್ಬರು ಕೊಳವೆ ಹೀರಿದರೆ ಅಂಟಿಕೊಳ್ಳುತ್ತದೆ, ಊದಿದರೆ ತೆರೆದುಕೊಳ್ಳುತ್ತದೆ. ಇಷ್ಟೇ ಇದರ ಗುಟ್ಟು. ಇದಕ್ಕೆ ಸಿಪ್ಯಾಪ್ ಯಂತ್ರ ಎಂದು ಹೆಸರು. ಉಸಿರು ಕಟ್ಟುವುದನ್ನು ಇದು ತಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

2005ರಲ್ಲಿ ಸ್ಪೇನ್ ದೇಶದ ವೈದ್ಯರು ಗಂಡಸರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿ ನೋಡಿದ ವರದಿ ಬಂತು. ತೀವ್ರ ರೋಗವಿದ್ದು ಚಿಕಿತ್ಸೆ ಪಡೆಯದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಅವುಗಳಿಂದ ಸಾವು ಬಹಳ ಹೆಚ್ಚಾಗಿತ್ತು. ಯಂತ್ರ ಹಾಕಿಕೊಂಡವರಲ್ಲಿ ಕಡಿಮೆಯಾಗಿತ್ತು. ಲೋಕವೆಲ್ಲ ಸಂತೋಷಪಟ್ಟಿತು. ಆದರೆ ಇಲ್ಲೊಂದು ತೊಡಕಿದೆ. ಯಂತ್ರವನ್ನು ತಪ್ಪದೆ ಹಾಕಿಕೊಳ್ಳುವ ಮನುಷ್ಯ ಮಾತ್ರೆಯನ್ನೂ ತಪ್ಪದೆ ನುಂಗುತ್ತಾನೆ, ಬೀಡಿಯನ್ನೂ ಬಿಟ್ಟಿರುತ್ತಾನೆ. ಅವನನ್ನು ಕಾಪಾಡಿದ್ದು ಯಂತ್ರವೋ ಶಿಸ್ತೋ ಹೇಳುವುದು ಹೇಗೆ? ಅದಕ್ಕಾಗಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಯಂತ್ರ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಬೇಕು.

ಹಾಗೆ ನೋಡಿದ ದೊಡ್ಡ ಪರೀಕ್ಷೆ ಸೇವ್ ಎಂಬುದು. ಇದರ ಫಲ ಬಂದದ್ದು 2016ರಲ್ಲಿ. ಚೀನಾ, ಆಸ್ಟ್ರೇಲಿಯ, ಸ್ಪೇನ್ ಮೊದಲಾದ ದೇಶಗಳೊಂದಿಗೆ ನಮ್ಮ ಭಾರತದ ರೋಗಿಗಳೂ ಇದರಲ್ಲಿದ್ದರು. ಆಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಸಂಬಂಧವಾದ ರೋಗವಿದ್ದ, 45ರಿಂದ 75 ವಯಸ್ಸಿನ ಸುಮಾರು 2,700 ಮಂದಿಯನ್ನು ಸರಾಸರಿ 3.7 ವರ್ಷ ನೋಡಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥ ಆಪತ್ತು ಯಂತ್ರ ಕೊಟ್ಟ ಪಂಗಡದಲ್ಲಿ ನೂರಕ್ಕೆ 17, ಕೊಡದ ಪಂಗಡದಲ್ಲಿ ನೂರಕ್ಕೆ 15.4. ಅಂದರೆ ಯಂತ್ರದಿಂದ ಗುಂಡಿಗೆಗೆ ಲಾಭ ಕಾಣಲಿಲ್ಲ. ಈ ಸಣ್ಣ ವ್ಯತ್ಯಾಸದಿಂದ ಯಂತ್ರ ಕೆಡುಕು ಮಾಡಿತೆಂದೂ ಹೇಳಲಾಗದು.

ಇಲ್ಲಿಗೇ ಪುಸ್ತಕ ಮುಚ್ಚಿಬಿಡುವವರಿದ್ದಾರೆ. ಆದರೆ ಮುಂದಿನ ಸಾಲನ್ನೂ ಓದಬೇಕು. ಆ ರೋಗಿಗಳು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಮಳೆಯಲ್ಲಿ ಅರ್ಧ ದಾರಿ ಕೊಡೆ ಹಿಡಿದು ಇನ್ನರ್ಧ ದಾರಿ ಮಡಿಸಿಟ್ಟುಕೊಂಡವನು ನೆನೆದದ್ದಕ್ಕೆ ಕೊಡೆಯನ್ನು ದೂರಬಹುದೇ? ಇದಲ್ಲದೆ, ಹಗಲು ವಿಪರೀತ ನಿದ್ದೆ ಬರುವವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಆದುದರಿಂದ ಅತಿ ಹೆಚ್ಚು ನರಳುವವರ ಬಗ್ಗೆ ಅದು ತೀರ್ಪು ಹೇಳಿಲ್ಲ.

2023ರಲ್ಲಿ ಇಂಥ ಮೂರು ಪರೀಕ್ಷೆಗಳ 4,186 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಮತ್ತೊಮ್ಮೆ ಲೆಕ್ಕ ಹಾಕಿದರು. ಒಟ್ಟಾರೆ ನೋಡಿದರೆ ಲಾಭವಿಲ್ಲ. ಆದರೆ ರಾತ್ರಿಗೆ ನಾಲ್ಕು ಗಂಟೆಯಾದರೂ ಹಾಕಿಕೊಂಡವರಲ್ಲಿ ಆಪತ್ತು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಇಲ್ಲಿಯೂ ಶಿಸ್ತಿನ ಪಾಲು ಎಷ್ಟು ಎಂಬ ಪ್ರಶ್ನೆ ಪೂರ್ತಿ ತೀರಿಲ್ಲ. ಆದರೂ ಹಾಕಿಕೊಳ್ಳುವುದಾದರೆ ಪೂರ್ತಿ ರಾತ್ರಿ ಹಾಕಿಕೊಳ್ಳಿ ಎಂಬ ಬುದ್ಧಿಮಾತಿಗೆ ಇದು ಸಾಕು.

ಬಿ.ಪಿ. ವಿಷಯದಲ್ಲಿ ಸಂಗತಿ ಇನ್ನೂ ಸ್ಪಷ್ಟ. ಮೂರು ಅಥವಾ ಹೆಚ್ಚು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. ಇಳಿಯದ 194 ಮಂದಿ ಅಪ್ನಿಯಾ ರೋಗಿಗಳನ್ನು ಸ್ಪೇನಿನಲ್ಲಿ ಹನ್ನೆರಡು ವಾರ ನೋಡಿ 2013ರಲ್ಲಿ ವರದಿ ಕೊಟ್ಟರು. ಯಂತ್ರ ಪಡೆದವರ ಸರಾಸರಿ ರಕ್ತದೊತ್ತಡ ಮೂರು ಅಂಕಿಯಷ್ಟು ಹೆಚ್ಚು ಇಳಿದಿತ್ತು. ಇದು ದೊಡ್ಡ ಇಳಿತವಲ್ಲ, ಮಾತ್ರೆಯ ಬದಲಿಗೆ ನಿಲ್ಲುವಂಥದೂ ಅಲ್ಲ. ಮಾತ್ರೆಯ ಜೊತೆಗೆ ಕೈಗೂಡಿಸುವಂಥದು. ಯಂತ್ರ ಬಂತೆಂದು ಬಿ.ಪಿ. ಮಾತ್ರೆ ನಿಲ್ಲಿಸುವವನು ತನ್ನ ಗುಂಡಿಗೆಗೆ ತಾನೇ ದ್ರೋಹ ಬಗೆಯುತ್ತಾನೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಲೇಬೇಕು. ಉಸಿರು ಕಟ್ಟುವುದರಲ್ಲಿ ಎರಡು ಬಗೆ. ಗಂಟಲು ಮುಚ್ಚಿ ಕಟ್ಟುವುದು ಒಂದು. ಗಂಟಲು ತೆರೆದೇ ಇದ್ದು, ಉಸಿರಾಡು ಎಂಬ ಅಪ್ಪಣೆಯನ್ನೇ ಮಿದುಳು ಕಳಿಸದಿರುವುದು ಇನ್ನೊಂದು. ಗುಂಡಿಗೆ ಸೋತವರಲ್ಲಿ ಈ ಎರಡನೆಯ ಬಗೆ ಕಾಣುತ್ತದೆ. ಉಸಿರು ಏರುತ್ತಾ ಹೋಗಿ, ಇಳಿಯುತ್ತಾ ಬಂದು, ನಿಂತೇ ಹೋಗಿ, ಮತ್ತೆ ಏರುವುದನ್ನು ಡಬ್ಲಿನ್ ಪಟ್ಟಣದ ವೈದ್ಯರಾದ ಚೇನ್ 1818ರಲ್ಲಿ, ಸ್ಟೋಕ್ಸ್ 1854ರಲ್ಲಿ ಬರೆದಿಟ್ಟಿದ್ದಾರೆ. ಇಂಥ 1,325 ರೋಗಿಗಳಲ್ಲಿ ಒಂದು ಪಂಗಡಕ್ಕೆ ಉಸಿರನ್ನು ತಾನೇ ಅಳೆದು ಊದುವ ಹೊಸ ಬಗೆಯ ಯಂತ್ರ ಕೊಟ್ಟು ನೋಡಿದರು. 2015ರಲ್ಲಿ ಫಲ ಬಂದಾಗ ವೈದ್ಯರೇ ಬೆರಗಾದರು. ಹೃದಯದ ಕಾರಣದಿಂದ ಸತ್ತವರು ಯಂತ್ರದ ಪಂಗಡದಲ್ಲಿ ನೂರಕ್ಕೆ 30ರಷ್ಟು, ಯಂತ್ರವಿಲ್ಲದವರಲ್ಲಿ 24. ಉಸಿರು ಸರಿಹೋಯಿತು, ಸಾವು ಹೆಚ್ಚಿತು. ಆದುದರಿಂದ ಅಣ್ಣನ ಯಂತ್ರ ತಮ್ಮನಿಗೆ, ಪಕ್ಕದ ಲೈನಿನವರ ಯಂತ್ರ ನಮ್ಮವರಿಗೆ ಎಂಬ ಧಾರಾಳ ಇದರಲ್ಲಿ ಬೇಡ. ಪರೀಕ್ಷೆ ಮಾಡಿಸಿ, ಬಗೆ ತಿಳಿದು, ಡಾಕ್ಟರು ಹೇಳಿದ ಯಂತ್ರವನ್ನೇ ಬಳಸಬೇಕು. ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರೂ ನೆನಪಿಡಿ, ಒಳಗಿನ ಸ್ಪಂಜು ಪುಡಿಯಾಗಿ ಉಸಿರಿಗೆ ಸೇರಬಹುದೆಂಬ ಕಾರಣಕ್ಕೆ 2021ರಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತು.

ಹಾಗಾದರೆ ಈ ಚಿಕಿತ್ಸೆಗಾಗಿ ನಾವು ಯಾಕೆ ಹೋರಾಡಬೇಕು ಎಂದು ನೀವು ಕೇಳಬಹುದು. ಸೇವ್ ಪರೀಕ್ಷೆಯಲ್ಲಿಯೇ ಇನ್ನೊಂದು ಸಂಗತಿ ಇದೆ. ಯಂತ್ರ ಪಡೆದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು, ಅನಾರೋಗ್ಯದಿಂದ ಕೆಲಸ ತಪ್ಪಿದ ದಿನಗಳೂ ಕಡಿಮೆಯಾದವು. ದಿನಗೂಲಿಯ ಮೇಲೆ ಬದುಕುವವರಿಗೆ ಇದು ಸಣ್ಣ ಮಾತೇ? ಚಿಕಿತ್ಸೆ ಪಡೆದ ಚಾಲಕರಲ್ಲಿ ರಸ್ತೆ ಅಪಘಾತಗಳು ಕಡಿಮೆಯಾದದ್ದೂ ಕಂಡುಬಂದಿದೆ. ಕಲ್ಲಹಟ್ಟಿ ಘಾಟಿಯಲ್ಲಿ, ತಾಮರಶ್ಶೇರಿ ಘಾಟಿಯಲ್ಲಿ ಲೋಡು ಹೊತ್ತ ಲಾರಿಯ ಚಾಲಕ ಒಂದು ಕ್ಷಣ ಕಣ್ಣು ಮುಚ್ಚಿದರೆ ಏನಾಗುವುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಘದ ಪರವಾಗಿ ನಾವು ಕುಳಿತ ವಿಚಾರಣೆಗಳಲ್ಲಿ ಕಾವಲುಗಾರ ಮಲಗಿದ್ದನೇ ಇಲ್ಲವೇ ಎಂದು ಕೇಳುತ್ತಾರೆ. ಯಾಕೆ ಮಲಗಿದ ಎಂದು ಕೇಳಿದ್ದನ್ನು ನಾವು ಕಾಣಲಿಲ್ಲ. ಒಂದು ತೋಟದಲ್ಲಿ, ಮೂರು ಬಗೆಯ ಬಿ.ಪಿ. ಮಾತ್ರೆ ನುಂಗುತ್ತಿದ್ದ ಕಾವಲುಗಾರರೊಬ್ಬರ ಹೆಂಡತಿ ಆಫೀಸಿನ ವರಾಂಡದಲ್ಲಿ ನಿಂತು, "ಇವರಿಗೆ ರಾತ್ರಿ ಉಸಿರೇ ನಿಂತುಹೋಗುತ್ತದೆ ಸ್ವಾಮಿ, ನಾನು ತಟ್ಟಿ ಎಬ್ಬಿಸುತ್ತೇನೆ" ಎಂದರು. ಅದು ಮನೆಯ ವಿಷಯ, ಫೈಲಿಗೆ ಸಂಬಂಧವಿಲ್ಲ ಎಂದು ಉತ್ತರ ಬಂತು. ಒಂದು ವಾರದ ಕೂಲಿ ಹೋಯಿತು. ಆ ತಾಯಿ ಹೇಳಿದ್ದು ಯಾವ ಡಾಕ್ಟರಾದರೂ ಮೊದಲು ಬರೆದುಕೊಳ್ಳಬೇಕಾದ ಸಾಕ್ಷ್ಯ.

ಆದುದರಿಂದ ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ತೋಟದ ಡಿಸ್ಪೆನ್ಸರಿಯಲ್ಲಿ ಬಿ.ಪಿ. ನೋಡುವಾಗಲೇ ನಾಲ್ಕು ಪ್ರಶ್ನೆ ಕೇಳಲಿ. ಮುಚ್ಚಿದ ಬಾಗಿಲಾಚೆ ಕೇಳುವಷ್ಟು ಗೊರಕೆಯೇ? ಹಗಲು ಆಯಾಸ, ನಿದ್ದೆಯೇ? ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ? ಬಿ.ಪಿ. ಇದೆಯೇ? ಕೆನಡಾದ ಟೊರೊಂಟೊ ಪಟ್ಟಣದ ವೈದ್ಯೆ ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲಿ ಹೊರತಂದ ಪ್ರಶ್ನೆಗಳಿವು. ಎರಡಕ್ಕೆ ಹೌದು ಎಂದರೆ ರೋಗ ಇರುವ ಸಂಭವ ಹೆಚ್ಚು. ಕೇಳುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ತಮಿಳುನಾಡಿನಲ್ಲಿ 2021ರಿಂದ ಮನೆಮನೆಗೆ ಬಂದು ಬಿ.ಪಿ., ಸಕ್ಕರೆ ನೋಡುವ ಅಕ್ಕಂದಿರಿಗೂ ನಾವೇ ಮುಂದಾಗಿ ಇದನ್ನು ಹೇಳಬಹುದು. ಗಂಡನನ್ನು ಡಾಕ್ಟರ ಬಳಿ ಕಳಿಸುವಾಗ ಹೆಂಡತಿಯೂ ಜೊತೆಗೆ ಹೋಗಲಿ.

ಎರಡನೆಯದು, ಅನುಮಾನ ಬಂದವರನ್ನು ನಿದ್ದೆಯ ಪರೀಕ್ಷೆಗೆ ಕಳಿಸಿಕೊಡಲಿ. ಕೊಯಮತ್ತೂರು, ಕೋಝಿಕ್ಕೋಡು, ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದೆ. ಹೋಗಿಬರುವ ದಿನದ ಹಾಜರಿಯೂ ಬಸ್ ಖರ್ಚೂ ಸಿಗಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದ್ದರೂ, ಕಾರ್ಮಿಕನಿಗೂ ಕುಟುಂಬಕ್ಕೂ ಆರೋಗ್ಯದ ಸೌಕರ್ಯ ಕೊಡಬೇಕು, ಇಲ್ಲವೇ ಇ.ಎಸ್.ಐ. ರಕ್ಷಣೆ ಕೊಡಬೇಕು ಎಂಬ ಹೊಣೆ ಮಾಲೀಕರ ಮೇಲೆ ಉಳಿದೇ ಇದೆ.

ಮೂರನೆಯದು, ಕೆಲಸದ ವೇಳೆ ಮಲಗಿದನೆಂದು ಶಿಕ್ಷಿಸುವ ಮೊದಲು ವೈದ್ಯಕೀಯ ಪರೀಕ್ಷೆ ಆಗಲಿ. ರೋಗ ಕಂಡರೆ ಚಿಕಿತ್ಸೆ ಹಿಡಿಯುವ ತನಕ ಕಾವಲುಗಾರನಿಗೂ ಚಾಲಕನಿಗೂ ಅದೇ ಸಂಬಳದಲ್ಲಿ ಹಗಲಿನ ಹಗುರ ಕೆಲಸ ಕೊಡಲಿ, ಸರಿಹೋದ ಮೇಲೆ ಹಳೆಯ ಕೆಲಸಕ್ಕೆ ಮರಳಿಸಲಿ. ಇದನ್ನು ಬರವಣಿಗೆಯ ಒಪ್ಪಂದದಲ್ಲಿ ಸೇರಿಸದಿದ್ದರೆ ಯಾವ ಚಾಲಕನೂ ತನ್ನ ಗೊರಕೆಯ ವಿಷಯ ಬಾಯಿ ಬಿಡುವುದಿಲ್ಲ. "ರೋಗ ಹೇಳಿದರೆ ಸ್ಟೀರಿಂಗ್ ಹೋಯಿತು" ಎಂಬ ಹೆದರಿಕೆ ಅವನದು, ಅದು ಸುಳ್ಳು ಹೆದರಿಕೆಯೂ ಅಲ್ಲ.

ನಾಲ್ಕನೆಯದು ಯಂತ್ರದ ಮಾತು. ಬೆಲೆ ಹತ್ತಾರು ಸಾವಿರ ರೂಪಾಯಿ. ಕೇಂದ್ರ ಸರ್ಕಾರದ ನೌಕರನಿಗೆ ಡಾಕ್ಟರು ಬರೆದುಕೊಟ್ಟರೆ ಸರ್ಕಾರದ ಆರೋಗ್ಯ ಯೋಜನೆಯಿಂದ ಇದು ಸಿಗುತ್ತದೆ. ಸರ್ಕಾರಿ ನೌಕರನ ಗಂಟಲು ಬೇರೆ, ಸೊಪ್ಪು ಕೀಳುವವಳ ಗಂಟಲು ಬೇರೆಯೇ? ತೀವ್ರ ರೋಗಿಗಳಿಗೆ, ಅದರಲ್ಲೂ ಹಗಲು ನಿದ್ದೆ ತಡೆಯಲಾರದವರಿಗೆ ಮಾಲೀಕರೂ ಸರ್ಕಾರವೂ ಇದನ್ನು ಒದಗಿಸಬೇಕು. ಲೈನು ಮನೆಯಲ್ಲಿ ಭದ್ರವಾದ ಒಂದು ಪ್ಲಗ್ ಪಾಯಿಂಟೂ ಬೇಕು. ಕರೆಂಟು ಹೋದರೆ ಯಂತ್ರ ಬರೀ ಡಬ್ಬಿ.

"ಕೂಲಿ ಏರಿಲ್ಲ, ಬೋನಸ್ಸು ಬಂದಿಲ್ಲ, ಸೂರು ಸೋರುತ್ತದೆ, ಬಾಗಿಲಿಗೆ ಆನೆ ಬರುತ್ತದೆ. ಇದರ ನಡುವೆ ಗೊರಕೆಯ ಬೇಡಿಕೆಯೇ?" ಎಂದು ಕೆಲವರು ಕೇಳಿಯಾರು. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಕೂಲಿಯ ಬೇಡಿಕೆ ಮೊದಲು ನಿಲ್ಲಲಿ. ಆದರೆ ಆ ಕೂಲಿ ದುಡಿಯುವ ಮೈ ಉಳಿಯಬೇಕಲ್ಲ. ನಾಲ್ಕು ಪ್ರಶ್ನೆ ಕೇಳುವುದಕ್ಕೆ ಬೋನಸ್ಸಿನ ಹೋರಾಟ ಮುಗಿಯುವ ತನಕ ಕಾಯಬೇಕಾಗಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಸಂಜೆಯ ಸಾರಾಯಿ ಗಂಟಲಿನ ಮಾಂಸವನ್ನು ಇನ್ನೂ ಸಡಿಲಿಸಿ ಉಸಿರು ಕಟ್ಟುವುದನ್ನು ಹೆಚ್ಚಿಸುತ್ತದೆ. "ಒಂದು ಹಾಕಿದರೆ ಒಳ್ಳೆ ನಿದ್ದೆ" ಎಂಬುದು ಈ ರೋಗಿಯ ಮಟ್ಟಿಗೆ ತಲೆಕೆಳಗಾದ ಮಾತು. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದೂ ಅಪಾಯ. ಬೆನ್ನ ಮೇಲೆ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗಿದರೆ ಹಲವರಿಗೆ ಉಸಿರು ಸಲೀಸು. ತೂಕ ಹೆಚ್ಚಿದ್ದವರು ಇಳಿಸಿದರೆ ರೋಗವೂ ಇಳಿಯುತ್ತದೆ, ಬಿ.ಪಿ.ಯೂ ಇಳಿಯುತ್ತದೆ. ಬೀಡಿ ಬಿಟ್ಟರೆ ಗುಂಡಿಗೆಗೆ ಆಗುವ ಲಾಭಕ್ಕೆ ಯಾವ ಚೀಟಿ ಎತ್ತುವ ಪರೀಕ್ಷೆಯೂ ಬೇಕಿಲ್ಲ.

ಬಂಧುಗಳೇ, ಯಂತ್ರವನ್ನು ಸಂಜೀವಿನಿ ಎಂದು ಕೊಂಡಾಡುವುದೂ ಬೇಡ, ಪಟ್ಟಣದವರ ಆಟಿಕೆ ಎಂದು ತಳ್ಳುವುದೂ ಬೇಡ. ಅದು ಉಸಿರು ಕಟ್ಟುವುದನ್ನು ನಿಲ್ಲಿಸುತ್ತದೆ, ಹಗಲನ್ನು ಎಚ್ಚರವಾಗಿಡುತ್ತದೆ, ಬಿ.ಪಿ.ಯನ್ನು ತುಸು ಇಳಿಸುತ್ತದೆ. ಪೂರ್ತಿ ರಾತ್ರಿ ಹಾಕಿಕೊಂಡವನ ಗುಂಡಿಗೆಗೂ ನೆರವಾಗಬಹುದು. ಇಷ್ಟು ಸಾಕು, ಕೇಳಿ ಪಡೆಯುವುದಕ್ಕೆ. ಮುಂದಿನ ತಿಂಗಳ ಲೈನು ಸಭೆಗಳಲ್ಲಿ ಈ ನಾಲ್ಕು ಬೇಡಿಕೆಗಳನ್ನು ಓದಿ ಚರ್ಚಿಸಬೇಕೆಂದು ಎಲ್ಲ ಘಟಕಗಳ ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇವೆ. ಆ ಸಭೆಗೆ ಹೆಂಗಸರು ತಪ್ಪದೆ ಬರಲಿ. ರಾತ್ರಿಯ ಸುದ್ದಿ ಗೊತ್ತಿರುವುದು ಅವರಿಗೆ.